ಮಿಸ್ ಲಸ್ಕಂ ಕಟ್ಟಿಸಿದ ಗೋಡೆ

ಬ್ರಾಡ್‌ಕೋಂಬ್‌ನ ಪೇಟೆಬೀದಿಯಲ್ಲಿ ಮೂವತ್ನಾಲ್ಕು ವರ್ಷದಿಂದ ನನ್ನದು ಕಬ್ಬಿಣದ ಸಾಮಾನಿನ ಅಂಗಡಿ. ಈ ಊರಲ್ಲಿ ಯಾವ ಗೋಡೆಯೂ ನನಗೆ ತಿಳಿಯದೆ ಎದ್ದದ್ದಿಲ್ಲ. ಕರಣೆ ನನ್ನದು, ತೂಗುಗುಂಡು ನನ್ನದು, ಸಿಮೆಂಟಿನ ಚೀಲ ನನ್ನದು. ಗೋಡೆ ವಾಲಿದರೆ ಬೈಗುಳವೂ ನನಗೇ. ಹೀಗಿರುವಾಗ ಊರಿನ ಅತಿ ಎತ್ತರದ ಗೋಡೆಗೆ ನನ್ನ ಅಂಗಡಿಯಿಂದ ಒಂದು ಇಟ್ಟಿಗೆಯ ಚೂರೂ ಹೋಗಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಗೋಡೆ ಮಿಸ್ ಲಸ್ಕಂ ಅವರ ಆಲೂಗಡ್ಡೆ ಪಾತಿಯ ಅಂಚಿನಲ್ಲಿ ಹುಟ್ಟಿ ನೇರ ಮೇಲಕ್ಕೆ ಹೋಗಿತ್ತು. ಎಲ್ಲಿಯವರೆಗೆ ಎಂದು ಕೇಳಿದರೆ ಹೇಳಬಲ್ಲವರಿರಲಿಲ್ಲ. ಒಂದು ವರ್ಷಕ್ಕೆ ಮೂರು ದಿನ ಕಡಿಮೆ ಅದು ಅಲ್ಲಿ ನಿಂತಿತ್ತು. ನಾವೆಲ್ಲ ಕತ್ತು ನೋಯುವಷ್ಟು ಮೇಲೆ ನೋಡಿದೆವು. ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ.

ಈ ಗೋಡೆಯನ್ನು ಕಂಡುಹಿಡಿದ ಕೀರ್ತಿ ನನ್ನ ಗೆಳೆಯ ಹೆಡ್ಲಿ ಚಗ್‌ಗೆ ಸೇರಬೇಕು. ಹೆಡ್ಲಿ ಜೀವಮಾನದಲ್ಲಿ ಒಂದು ತಪ್ಪು ಮಾಡಿದವನಲ್ಲ, ಅದೇ ಅವನ ತೊಂದರೆ. ಊರಿನ ಈಜುಕೊಳದಲ್ಲಿ ಮೂವತ್ತೊಂದು ವರ್ಷ ಕಾವಲಿಗಿದ್ದ. ಅಲ್ಲಿ ಗೋಡೆಯ ಮೇಲೆ ಹದಿನಾಲ್ಕು ನಿಯಮಗಳ ಒಂದು ಫಲಕ. ಕೆಲಸದ ವೇಳೆ ಸಿಬ್ಬಂದಿ ನೀರಿಗಿಳಿಯಬಾರದು ಎನ್ನುವುದು ಒಂಬತ್ತನೆಯದು. ಹೆಡ್ಲಿ ಮೂವತ್ತೊಂದು ವರ್ಷ ಇಳಿಯಲಿಲ್ಲ. ಒಮ್ಮೆ ನಮ್ಮ ಮೇಯರ್ ಕೋಟು ಸಮೇತ ಕೊಳಕ್ಕೆ ಜಾರಿಬಿದ್ದಾಗ ಹೆಡ್ಲಿ ದಂಡೆಯಲ್ಲಿ ಮೊಣಕಾಲೂರಿ, ಉದ್ದ ಕೋಲು ಚಾಚಿ, "ಮೊದ್ಲು ಸ್ನಾನ ಮಾಡಿ ಇಳೀಬೇಕಿತ್ತು ಸಾರ್, ಮೂರನೇ ನಿಯಮ" ಎಂದು ವಿನಯದಿಂದ ತಿಳಿಸಿ, ಆಮೇಲೆ ಅವರನ್ನು ಮೇಲೆ ಎಳೆದುಕೊಂಡ. ಬರೆದಿಟ್ಟದ್ದು ಅವನ ಪಾಲಿಗೆ ಇದ್ದದ್ದಕ್ಕಿಂತ ಹೆಚ್ಚು ನಿಜ.

ಅವನ ಹೆಂಡತಿ ಮೇವಿಸ್ ಬಟ್ಟೆಯ ಅಂಚಿಗೆ ಲೇಸು ಹೆಣೆಯುವವಳು. ನಮ್ಮ ಕಡೆಯ ಹಳೇ ಲೇಸು ಅದು. ದುಂಡನೆಯ ದಿಂಬಿನ ಮೇಲೆ ಗುಂಡುಸೂಜಿಗಳನ್ನು ಚುಚ್ಚಿ, ಮರದ ಕಡ್ಡಿಗಳಿಗೆ ಸುತ್ತಿದ ನೂಲನ್ನು ಅವುಗಳ ನಡುವೆ ದಾಟಿಸುತ್ತ ಹೋಗಬೇಕು. ನೂಲು ಕೂದಲಿಗಿಂತ ತೆಳು. ಒಂದು ಎಲೆ ಮೂಡಲು ಒಂದು ದಿನ. ಇಪ್ಪತ್ತಾರು ವರ್ಷ ಅವರಿದ್ದದ್ದು ಉತ್ತರಕ್ಕೆ ಮುಖ ಮಾಡಿದ ನೆಲಮಹಡಿಯ ಎರಡು ಕೋಣೆಯಲ್ಲಿ. ಅಷ್ಟೂ ವರ್ಷ ಮೇವಿಸ್ ದೀಪದ ಕೆಳಗೇ ಹೆಣೆದಳು. ಕಡೆಗೆ ಕಣ್ಣಿನ ಡಾಕ್ಟರು ಹೇಳಿಬಿಟ್ಟರು: ಹಗಲಿನ ಬೆಳಕಿದ್ದರೆ ಮಾಡಿ, ದೀಪದಲ್ಲಾದರೆ ಇವತ್ತೇ ನಿಲ್ಲಿಸಿ. ಆಮೇಲೆಯೇ ಗಂಡ ಹೆಂಡತಿ ಮನೆ ಹುಡುಕಲು ಹೊರಟದ್ದು. ಗಿರಣಿ ಓಣಿಯ ಏಳನೇ ನಂಬರಿನ ಅಡುಗೆಮನೆಯಲ್ಲಿ ದಕ್ಷಿಣಕ್ಕೊಂದು ದೊಡ್ಡ ಕಿಟಕಿ. ಮೇವಿಸ್ ಅದರ ಕಟ್ಟೆಯ ಮೇಲೆ ಅಂಗೈ ಊರಿ ಐದು ನಿಮಿಷ ನಿಂತಳು. "ಇದೇ ಮನೆ" ಅಂದಳು. ಮೇಲಿನ ಕೋಣೆಗಳನ್ನು ನೋಡಲೂ ಹೋಗಲಿಲ್ಲ.

ನಮ್ಮಲ್ಲಿ ಮನೆ ಕೊಳ್ಳುವ ಮೊದಲು, ಆ ನೆಲಕ್ಕೆ ಏನೇನು ಅಂಟಿಕೊಂಡಿದೆ ಎಂದು ಜಿಲ್ಲಾ ಕೌನ್ಸಿಲ್ಲನ್ನು ಕೇಳಬೇಕು. ಅವರ ಬಳಿ ಒಂದು ದಾಖಲೆಪುಸ್ತಕವಿದೆ. ಈ ಮರ ಕಡಿಯಬೇಡ, ಆ ಹೆಂಚು ಬದಲಿಸಬೇಡ ಎಂಬಂಥ ಕಟ್ಟುಪಾಡುಗಳೆಲ್ಲ ಅದರಲ್ಲಿರುತ್ತವೆ. ಮನೆ ಯಾರ ಕೈಗೆ ಹೋದರೂ ಅವು ನೆಲದ ಬೆನ್ನು ಬಿಡುವುದಿಲ್ಲ. ಬೇಕರಿಯ ಮೇಲ್ಮಹಡಿಯಲ್ಲಿರುವ ನಮ್ಮ ವಕೀಲೆ ಮಿಸೆಸ್ ಪೆಥರಿಕ್ ಆ ಉತ್ತರ ಬಂದಿದೆ ಎಂದು ಕರೆಸಿದಾಗ, ಹೆಡ್ಲಿ ನನ್ನನ್ನೂ ಕರೆದುಕೊಂಡು ಹೋದ.

"ಒಂದೇ ಒಂದು ನಮೂದಿದೆ" ಎಂದರು ಪೆಥರಿಕ್. "ಹನ್ನೊಂದನೇ ಭಾಗದಲ್ಲಿ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಆ ಭಾಗದಲ್ಲಿ ಏನಾದ್ರೂ ಬಂದಿದ್ದು ನೋಡಿದ್ದು ಇದೇ ಮೊದಲು."

"ಮರಾನಾ ಮೇಡಂ?" ಎಂದ ಹೆಡ್ಲಿ.

"ಮರ ಅಲ್ಲ. ಗೋಡೆ."

"ಅಲ್ಲಿ ಗೋಡೆ ಎಲ್ಲಿದೆ, ಮೊಣಕಾಲೆತ್ತರದ ಲ್ಯಾವೆಂಡರ್ ಬೇಲಿ ಇದೆ ಅಷ್ಟೇ."

"ಕಣ್ಣಿಗೆ ಕಾಣೋ ಗೋಡೆ ಅಲ್ಲ ಚಗ್ ಅವರೇ. ಬೇಲಿ ಉದ್ದಕ್ಕೂ ಒಂದು ಗೋಡೆ ಇದೆ ಅಂತಲೇ ಎಲ್ರೂ ಭಾವಿಸ್ಬೇಕು ಅಂತ ಪಕ್ಕದ ಮನೆ ಮಿಸ್ ಲಸ್ಕಂ ಹೋದ ಅಕ್ಟೋಬರ್ ಮೂರಕ್ಕೆ ನೋಂದಾಯಿಸಿದಾರೆ. ಅದರೊಳಗಿಂದ ಬೆಳಕು ಚೂರೂ ಹಾಯಲ್ಲ."

"ಎಷ್ಟು ಎತ್ತರ ಮೇಡಂ?"

ಪೆಥರಿಕ್ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಕಿಟಕಿಯ ಕಡೆಗೆ ಹಿಡಿದರು. ವಕೀಲರ ದನಿ ತಗ್ಗುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಎತ್ತರ, ಮಿತಿಯಿಲ್ಲ."

ಕೆಳಗೆ ಬೇಕರಿಯಲ್ಲಿ ಯಾರೋ ತಟ್ಟೆ ಬೀಳಿಸಿದರು. ನಾನು ಎತ್ತರವೆಂದರೆ ಅಡಿ ಇಂಚು ಎಂದುಕೊಂಡು ಬೆಳೆದವನು.

ಪೆಥರಿಕ್ ಬಿಡಿಸಿ ಹೇಳಿದರು. ಆ ಕಿಟಕಿಗೆ ಈಗ ಹದಿನೆಂಟು ವರ್ಷ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬೆಳಕು ಬಂದರೆ, ಆಮೇಲೆ ಆ ಬೆಳಕಿಗೆ ಯಾರೂ ಅಡ್ಡ ಕಟ್ಟುವಂತಿಲ್ಲ. ಮುಂದೊಂದು ದಿನ ತಮ್ಮ ಜಾಗದಲ್ಲಿ ಕಟ್ಟಬೇಕೆನ್ನುವವರು ಅದಕ್ಕೆ ಮೊದಲೇ ಹೀಗೊಂದು ಕಾಗದದ ಗೋಡೆ ನಿಲ್ಲಿಸುತ್ತಾರೆ. ಅದು ಪೂರ್ತಿ ಒಂದು ವರ್ಷ ನಿಂತಿತೋ, ಕಿಟಕಿಯ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಾಳೆ ಅಲ್ಲಿ ಮೂರು ಮಹಡಿ ಎದ್ದರೂ ಕೇಳುವ ಹಾಗಿಲ್ಲ.

"ಕೋರ್ಟಿಗೆ ಹೋಗಿ ಪ್ರಯೋಜನ ಇಲ್ಲ, ಕಿಟಕಿಗೆ ಇನ್ನೂ ವಯಸ್ಸು ಬಂದಿಲ್ಲ" ಎಂದರು. "ಆದ್ರೆ ಅಕ್ಟೋಬರ್ ಎರಡರೊಳಗೆ ಮಿಸ್ ಲಸ್ಕಂ ಅವರೇ ವಾಪಸ್ ತಗೊಂಡ್ರೆ ಏನೂ ಆಗೇ ಇಲ್ಲ ಅಂತ ಲೆಕ್ಕ. ಒಳ್ಳೇ ಹೆಂಗಸು ಆಕೆ. ಬೇಲಿ ಹತ್ರ ನಿಂತು ಒಂದು ಮಾತು ಕೇಳಿ ಸಾಕು."

ಮೇವಿಸ್‌ಗೆ ಸುದ್ದಿ ಹೇಳಿದೆವು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಈಗ ಬೆಳಕು ಬರ್ತಿದೆ ತಾನೆ?" ಬರುತ್ತಿದೆ ಎಂದೆ. "ಹಾಗಾದ್ರೆ ರುಜು ಹಾಕು ಹೆಡ್ಲಿ. ಬೇಲಿ ಹತ್ರ ಒಂದು ಮಾತು ತಾನೆ, ನೀನು ಕೇಳ್ತೀಯ" ಎಂದಳು. ಏಪ್ರಿಲ್ ತಿಂಗಳಲ್ಲಿ ಸಾಮಾನು ಹೇರಿಕೊಂಡು ಬಂದರು.

ಮೊದಲ ದಿನ ಬೆಳಿಗ್ಗೆಯೇ ಮಿಸ್ ಲಸ್ಕಂ ಲ್ಯಾವೆಂಡರಿನ ಆಚೆ ನಿಂತಿದ್ದರು. ವಯಸ್ಸು ಎಪ್ಪತ್ತರ ಮೇಲೆ, ಕೈಯಲ್ಲಿ ಕಳೆ ಕೀಳುವ ಕುಡುಗೋಲು, ತಲೆಯ ಮೇಲೆ ಸತ್ತ ಅಣ್ಣನ ಟೊಪ್ಪಿ. "ಗುಡ್ ಮಾರ್ನಿಂಗ್. ಬಿಸಿಲು ಪರವಾಗಿಲ್ಲ ಅಲ್ವಾ?" ಎಂದರು. ಹೆಡ್ಲಿ ಅವರ ಮುಖದ ಕಡೆಗೇ ನೋಡುತ್ತಿದ್ದ. ಉತ್ತರ ಕೊಡಲಿಲ್ಲ. ಎರಡನೇ ದಿನ ಅವರು ಗಾಳಿಯ ವಿಷಯ ತೆಗೆದರು. ಮೂರನೇ ದಿನ ಮಳೆ ಬರಬಹುದೇ ಎಂದು ನೇರವಾಗಿ ಕೇಳಿದರು. ಹೆಡ್ಲಿ ಒಂದು ಸುಣ್ಣದ ಗೋಡೆಯನ್ನು ನೋಡುವವನ ಹಾಗೆ ನೋಡಿ ಒಳಗೆ ಹೋದ. ನಮ್ಮಲ್ಲಿ ಹವೆಯ ಮಾತಿಗೆ ಉತ್ತರ ಕೊಡದಿರುವುದು ಎಂಥದೆಂದು ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಇದೇ ಓಣಿಯಲ್ಲಿ ಅಣ್ಣತಮ್ಮಂದಿರಿಬ್ಬರು ಆಸ್ತಿಗೆ ಜಗಳವಾಡಿ ಕೋರ್ಟಿನಲ್ಲಿ ಹನ್ನೊಂದು ವರ್ಷ ಕಳೆದರು, ಅಷ್ಟೂ ವರ್ಷ ದಿನಾ ಬೆಳಿಗ್ಗೆ ಇವತ್ತು ಚಳಿ ಎಂದು ಪರಸ್ಪರ ಹೇಳಿಕೊಳ್ಳುವುದನ್ನು ತಪ್ಪಿಸಲಿಲ್ಲ.

ನಾನು ಹೋಗಿ ತರಾಟೆಗೆ ತೆಗೆದುಕೊಂಡೆ. "ಯಾಕೋ ಮಾತಾಡ್ಲಿಲ್ಲ ನೀನು?"

"ಕಾಣಿಸ್ಲಿಲ್ಲ."

"ಎರಡು ಗಜ ದೂರದಲ್ಲಿದ್ರು ಕಣೋ."

"ಗೋಡೆ ಇದೆ ಎರ್ನಿ. ಗೋಡೆ ಆಚೆ ಇರೋರು ಕಾಣಿಸ್ತಾರೆ ಅಂದ್ರೆ, ಕೌನ್ಸಿಲ್ ಪುಸ್ತಕ ಸುಳ್ಳು ಅಂದಂಗಾಗುತ್ತೆ. ನನ್ನ ಬಾಯಲ್ಲಿ ಆ ಮಾತು ಬರಲ್ಲ."

"ಹೋಗ್ಲಿ, ರಸ್ತೆಗೆ ಬಂದು ಅವರ ಮುಂದಿನ ಬಾಗಿಲು ತಟ್ಟು."

ಹೆಡ್ಲಿ ನನ್ನನ್ನು ಮುಖ ತೊಳೆಯದೆ ಚರ್ಚಿಗೆ ಬಂದವನನ್ನು ನೋಡುವಂತೆ ನೋಡಿದ. "ಪರಿಚಯ ಇಲ್ದೆ ಒಬ್ಬ ಹೆಂಗಸಿನ ಮನೆ ಬಾಗಿಲು ತಟ್ಲಾ? ಪರಿಚಯ ಆಗೋದು ಬೇಲಿ ಹತ್ರ. ಬೇಲಿ ಹತ್ರ ಗೋಡೆ ಇದೆ. ನಾನೇನು ಮಾಡ್ಲಿ?"

ಈ ವಾದದಲ್ಲಿ ಬಿರುಕು ಹುಡುಕಲು ಇಡೀ ದಾರಿ ಯೋಚಿಸಿದೆ. ಸಿಗಲಿಲ್ಲ.

ಮೇ ತಿಂಗಳಲ್ಲಿ ಅವನು ನನ್ನ ಅಂಗಡಿಗೆ ಬಂದು ಹನ್ನೆರಡು ಮರದ ಗೂಟ, ಒಂದು ಉಂಡೆ ಬಿಳಿ ಹಗ್ಗ ತೆಗೆದುಕೊಂಡ. ಬಂದವರು ಗೊತ್ತಿಲ್ಲದೆ ಗೋಡೆಗೆ ಹಾಯ್ದರೆ ಹೊಣೆ ಯಾರು ಎನ್ನುವುದು ಅವನ ಚಿಂತೆ. ತನ್ನ ಕಡೆಯ ನೆಲದಲ್ಲಿ, ಬೇಲಿಗೆ ತಾಗಿದಂತೆ ಗೂಟ ಹೊಡೆದು ಹಗ್ಗ ಕಟ್ಟಿದ. ನಡುವೆ ಒಂದು ಹಲಗೆ ನೇತುಹಾಕಿ, ಈಜುಕೊಳದ ಅಕ್ಷರದಲ್ಲಿ "ಗೋಡೆ" ಎಂದು ಬರೆದ. ಅಷ್ಟೇ ಬರೆದದ್ದು. ಆ ಹಲಗೆ ತೂಗಿದ ಮೇಲೆ ಗೋಡೆಗೆ ಬಂದ ಗಾಂಭೀರ್ಯವನ್ನು ನನ್ನ ಇಟ್ಟಿಗೆಗಳಿಗೆ ನಾನು ಯಾವತ್ತೂ ತಂದುಕೊಡಲಾಗಲಿಲ್ಲ.

ಮೊದಲು ಶರಣಾದವಳು ಅಂಚೆಯ ಬೆರಿಲ್. ಏಳನೇ ನಂಬರಿನಿಂದ ಒಂಬತ್ತಕ್ಕೆ ಲ್ಯಾವೆಂಡರ್ ದಾಟಿಯೇ ಹೋಗುತ್ತಿದ್ದ ಆಕೆ ಹಗ್ಗದ ಮುಂದೆ ನಿಂತು, ಮೇಲೆ ನೋಡಿ, ಸುತ್ತುಹಾಕಿ ರಸ್ತೆಯಿಂದ ಹೋದಳು. "ನೂರಾ ಹನ್ನೆರಡು ಹೆಜ್ಜೆ ಜಾಸ್ತಿ ಬಂಗಾರ" ಎಂದು ನನ್ನ ಬಳಿ ಗೊಣಗಿದಳು. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಬಂಗಾರವೇ. ಹಗ್ಗ ದಾಟಿದರೆ ಏನಾಗುತ್ತಿತ್ತು ಎಂದೆ. "ಏನೂ ಆಗ್ತಿರ್ಲಿಲ್ಲ. ಆದ್ರೆ ದಾಟೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಬೆರಿಲ್‌ಗೆ ತಿಳಿದದ್ದು ಊರಿಗೆ ತಿಳಿದಂತೆ. ಭಾನುವಾರ ಚರ್ಚು ಮುಗಿಸಿಕೊಂಡು ಜನ ಗಿರಣಿ ಓಣಿಗೆ ಬರತೊಡಗಿದರು. ಇಬ್ಬರಿಗಿಂತ ಹೆಚ್ಚು ಜನ ಸೇರಿದಲ್ಲಿ ನಮ್ಮವರು ತಾವಾಗಿಯೇ ಸಾಲು ಕಟ್ಟುತ್ತಾರೆ. ಗೇಟಿನಿಂದ ಹಗ್ಗದವರೆಗೆ ಸಾಲು. ಒಬ್ಬೊಬ್ಬರೇ ಮುಂದೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಮೇಲೆ ನೋಡಿ, ಪಕ್ಕಕ್ಕೆ ಸರಿಯುವುದು.

"ಇನ್ನೂ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ" ಎಂದರು ಬೇಕರಿಯ ಯಜಮಾನರು.

"ಇದಕ್ಕಿಂತ ದೊಡ್ಡದು ಇರೋಕೆ ಸಾಧ್ಯ ಇಲ್ಲ ಸಾರ್" ಎಂದ ಹೆಡ್ಲಿ, ತಾಳ್ಮೆಯಿಂದ.

ಅಷ್ಟರಲ್ಲಿ ಎಕ್ಸೆಟರ್ ಕಡೆಗೆ ಹೋಗುವ ವಿಮಾನವೊಂದು ಉತ್ತರದಿಂದ ದಕ್ಷಿಣಕ್ಕೆ ನಮ್ಮ ನೆತ್ತಿಯ ಮೇಲೆ ಹಾದುಹೋಯಿತು. ಸಾಲು ಪೂರ್ತಿ ಉಸಿರು ಹಿಡಿಯಿತು. "ಅದು ಹೆಂಗೆ ದಾಟ್ತು?" ಎಂದೆ ನಾನು. ಹೆಡ್ಲಿ ಸ್ವಲ್ಪ ಹೊತ್ತು ಯೋಚಿಸಿ, "ಅವರಿಗೆ ನೋಟಿಸ್ ಕೊಟ್ಟಿಲ್ಲ ಅನ್ಸುತ್ತೆ" ಎಂದ. ಎಲ್ಲರೂ ತಲೆಯಾಡಿಸಿದರು.

ನೀವು ನಗಬಹುದು. ನಾನೂ ಅಂಗಡಿಯಲ್ಲಿ ಕೂತು ನಕ್ಕವನೇ. ಆದರೆ ಒಂದು ಸಂಜೆ ಬಿಸಿಲಿರುವಾಗಲೇ ಅಂಗಡಿ ಮುಚ್ಚಿ ಒಬ್ಬನೇ ಹೋಗಿ ಆ ಹಗ್ಗದ ಮುಂದೆ ನಿಂತೆ. ಮೊಣಕಾಲೆತ್ತರದ ಹಗ್ಗ. ಆಚೆ ಆಲೂಗಡ್ಡೆ ಗಿಡ ಹೂ ಬಿಟ್ಟಿದ್ದವು. ಒಂದು ಮುದುಕಿ, ಒಂದು ಅರ್ಜಿ, ಒಂದು ಮುದ್ರೆ. ಅಷ್ಟರಿಂದ ಇಲ್ಲಿಂದ ಆಕಾಶದವರೆಗೆ, ಆಕಾಶದಾಚೆಗೂ, ಒಂದು ಗೋಡೆ. ಅದರಲ್ಲಿ ಒಂದು ಕಡೆಯೂ ವಾಲಿಲ್ಲ, ಒಂದು ಬಿರುಕಿಲ್ಲ. ಕಾಲೆತ್ತಿದೆ. ಎತ್ತಿದ ಕಾಲನ್ನು ಅಲ್ಲೇ ಇಳಿಸಿದೆ. ಹೆದರಿಕೆಯೆಂದು ಹೇಳಲಾರೆ, ಇಂಥದೊಂದನ್ನು ಮಾಡಬಲ್ಲ ಮನುಷ್ಯರ ನಡುವೆ ನಾನಿದ್ದೇನೆ ಎಂದು ಬೆರಗಾಯಿತು. ರಸ್ತೆಯಿಂದಲೇ ಮನೆಗೆ ಹೋದೆ.

ಜೂನಿನಲ್ಲಿ ಯಾರೋ ದೂರು ಕೊಟ್ಟರು. ಎರಡು ಮೀಟರಿಗಿಂತ ಎತ್ತರದ ಗೋಡೆಗೆ ಅನುಮತಿ ಬೇಕು, ಇದಕ್ಕೆ ಎಲ್ಲಿದೆ ಎಂದು. ಕೌನ್ಸಿಲ್ಲಿನ ನಾರ್ತ್‌ಕಾಟ್ ಎಂಬ ಅಧಿಕಾರಿ ಅಳತೆಪಟ್ಟಿ ಹಿಡಿದು ಬಂದರು.

"ಗೋಡೆ ಎಲ್ರೀ?" ಎಂದರು.

"ನಿಮ್ಮ ಪುಸ್ತಕದಲ್ಲಿದೆ ಸಾರ್. ಹನ್ನೊಂದನೇ ಭಾಗ" ಎಂದ ಹೆಡ್ಲಿ.

ನಾರ್ತ್‌ಕಾಟ್ ಕಚೇರಿಗೆ ಫೋನು ಮಾಡಿದರು. ಪುಸ್ತಕ ನೋಡುವವರು ಅಲ್ಲಿಂದಲೇ ಓದಿ ಹೇಳಿದರು. ಇವರ ಮುಖ ನಿಧಾನವಾಗಿ ಮೇಲಕ್ಕೆದ್ದಿತು. ಅಳತೆಪಟ್ಟಿಯನ್ನು ಎಳೆದು, ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಮತ್ತೆ ಒಳಗೆ ಬಿಟ್ಟರು. ಕಡತದಲ್ಲಿ ಬರೆದದ್ದನ್ನು ನಾನು ಅವರ ಭುಜದ ಮೇಲಿಂದ ಓದಿದೆ: "ಗೋಡೆ ಇದೆ. ಕಾಣಿಸಲಿಲ್ಲ." ಆಮೇಲೆ ಮಿಸ್ ಲಸ್ಕಂ ಅವರ ಮನೆಗೂ ಹೋಗಬೇಕಿತ್ತು ಅವರಿಗೆ. ನೂರಾ ಹನ್ನೆರಡು ಹೆಜ್ಜೆ ಸುತ್ತಿಕೊಂಡೇ ಹೋದರು.

ಕೌನ್ಸಿಲ್ಲೇ ಒಪ್ಪಿದ ಮೇಲೆ ಹೆಡ್ಲಿಯನ್ನು ಹಿಡಿಯುವವರಿಲ್ಲ. ಜುಲೈ ಮೊದಲ ವಾರ, ಒಂದು ಬೆಳಿಗ್ಗೆ, ಮೇವಿಸ್ ಕಿಟಕಿಯ ಬಳಿ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳಿಗೆ ಸೆಪ್ಟೆಂಬರಿನಲ್ಲಿ ಹೆರಿಗೆ. ಮೊಮ್ಮಗುವಿನ ನಾಮಕರಣದ ಟೊಪ್ಪಿಗೆ ಅಂಚು ಹೆಣೆಯುತ್ತಿದ್ದಳು. ನಾನು ನಲ್ಲಿಗೆ ವಾಷರ್ ಹಾಕಲು ಹೋಗಿದ್ದೆ. ಹೆಡ್ಲಿ ಅಡುಗೆಮನೆಗೆ ಬಂದು ಗಂಟಲು ಸರಿಮಾಡಿಕೊಂಡ.

"ಮೇವಿಸ್, ಆ ಬೆಳಕು ಎಲ್ಲಿಂದ ಬರ್ತಿದೆ?"

"ಕಿಟಕಿಯಿಂದ."

"ಅದಕ್ಕೆ ಮುಂಚೆ?"

ಅವಳು ತಲೆಯೆತ್ತಲಿಲ್ಲ. ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿದ್ದವು.

"ಗೋಡೆ ಒಳಗಿಂದ ಬರ್ತಿದೆ" ಎಂದ ಹೆಡ್ಲಿ. "ಬೆಳಕು ಚೂರೂ ಹಾಯಲ್ಲ ಅಂತ ಬರೆದಿದೆ. ನಮಗೆ ಇಲ್ಲದ ಬೆಳಕನ್ನ ನಾವು ಉಪಯೋಗಿಸ್ತಿದೀವಿ. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?" ಹೀಗೆಂದು, ನನ್ನ ಎದುರಿಗೇ, ಹಗಲು ಹತ್ತೂವರೆಗೆ ಪರದೆ ಎಳೆದು, ದೀಪ ಹಾಕಿದ.

ಮೇವಿಸ್ ಕೈ ನಿಲ್ಲಿಸಿದಳು. ಕಿರುಚಾಡುವ ಜಾತಿಯಲ್ಲ ಆಕೆ. ಬಿಳಿ ನೂಲು ದೀಪದಲ್ಲಿ ಹಳದಿಯಾಗಿ ಕಾಣುತ್ತಿತ್ತು. ಎರಡು ಸಲ ಕಣ್ಣುಜ್ಜಿಕೊಂಡಳು. "ಇಪ್ಪತ್ತಾರು ವರ್ಷ ಕಾದಿದೀನಿ ಹೆಡ್ಲಿ" ಎಂದಳು ಮೆಲ್ಲಗೆ. ನನಗೆ ಅವನ ಕಪಾಳಕ್ಕೆ ಬಿಡಬೇಕೆನಿಸಿತು. ಅವನ ಕಣ್ಣಲ್ಲೂ ನೀರಿತ್ತು, ಆದರೆ ಕೈ ಪರದೆಯ ಮೇಲಿಂದ ಕದಲಲಿಲ್ಲ.

"ಗೋಡೆ ನೆರಳು ಯಾವ ಕಡೆ ಬೀಳುತ್ತೆ?" ಎಂದು ಕೇಳಿದಳು ಮೇವಿಸ್.

"ನಮ್ಮ ಕಡೆ. ಸೂರ್ಯ ದಕ್ಷಿಣಕ್ಕಿದಾನಲ್ಲ."

"ಅಂದ್ರೆ ಆ ಕಡೆ ಇರೋ ಬೆಳಕು ಕಾನೂನುಬದ್ಧ."

"ನೂರಕ್ಕೆ ನೂರು" ಎಂದ ಹೆಡ್ಲಿ, ಹೆಂಡತಿಗೆ ವಿಷಯ ಅರ್ಥವಾಯಿತೆಂಬ ಸಂತೋಷದಲ್ಲಿ.

ಮೇವಿಸ್ ದಿಂಬನ್ನು ಎದೆಗವಚಿಕೊಂಡು ಎದ್ದಳು. ಮುಂದಿನ ಬಾಗಿಲಿಂದ ಹೊರಟು, ರಸ್ತೆಗೆ ಬಂದು, ಪರಿಚಯವಿಲ್ಲದ ಹೆಂಗಸಿನ ಬಾಗಿಲು ತಟ್ಟಿದಳು. ನಾನು ಹಿಂದೆಯೇ ಓಡಿದೆ. ಬಾಗಿಲು ತೆಗೆದ ಮಿಸ್ ಲಸ್ಕಂ ಮೂರು ತಿಂಗಳ ಅವಮಾನವನ್ನೆಲ್ಲ ಮುಖದಲ್ಲಿ ಹೊತ್ತು ನಿಂತಿದ್ದರು.

"ನಿಮ್ಮ ಗೋಡೆಯ ಈ ಕಡೆ ಸ್ವಲ್ಪ ಹೊತ್ತು ಕೂತ್ಕೋಬಹುದಾ?" ಎಂದಳು ಮೇವಿಸ್. "ನಮ್ಮ ಕಡೆ ಕತ್ತಲೆ."

"ಯಾವ ಗೋಡೆ?"

ಆಗ ತಿಳಿಯಿತು. ಅಧಿಕಾರಿ ನಾರ್ತ್‌ಕಾಟ್ ಬಂದಾಗ ಆಕೆ ಮನೆಯಲ್ಲಿರಲಿಲ್ಲ, ಮೂರು ಸಲ ಮೋರೆ ತಿರುಗಿಸಿಕೊಂಡ ಮನೆಯವರ ಕಡೆಗೆ ಏಪ್ರಿಲ್‌ನಿಂದ ಕಣ್ಣೆತ್ತಿಯೂ ನೋಡಿರಲಿಲ್ಲ, ಭಾನುವಾರದ ಸಾಲನ್ನು ಯಾವುದೋ ಹರಾಜೆಂದುಕೊಂಡಿದ್ದರು. ಎಕ್ಸೆಟರಿನಲ್ಲಿರುವ ಅಣ್ಣನ ಮಗ ಗ್ರೆಗರಿ ಹೋದ ಶರತ್ಕಾಲದಲ್ಲಿ ಏನೋ ಒಂದು ಅರ್ಜಿ ತಂದಿದ್ದ, ಮುಂದೆ ಜಾಗ ಮಾರುವಾಗ ಅನುಕೂಲವೆಂದಿದ್ದ, ಆಕೆ ಕನ್ನಡಕವಿಲ್ಲದೆ ರುಜು ಹಾಕಿದ್ದರು. ಮೇವಿಸ್ ಅವರನ್ನು ಕೈಹಿಡಿದು ಹಿತ್ತಿಲಿಗೆ ಕರೆತಂದು ಹಗ್ಗ ತೋರಿಸಿದಳು.

"ಎಷ್ಟು ಎತ್ತರ?" ಎಂದರು ಮಿಸ್ ಲಸ್ಕಂ.

"ಮಿತಿಯಿಲ್ಲ" ಎಂದೆ ನಾನು.

ಆಕೆ ಅಣ್ಣನ ಟೊಪ್ಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಲೆಯನ್ನು ಹಿಂದಕ್ಕೆ ಬಾಗಿಸಿದರು. ನೀಲಿ ಆಕಾಶ, ಬಹಳ ಮೇಲೆ ಒಂದು ಹಕ್ಕಿ. "ನಾನು ಕಟ್ಸಿದ್ದಾ?" ಎಂದರು. "ಜೀವನದಲ್ಲಿ ಒಂದು ಕೋಳಿಗೂಡು ಕಟ್ಸಿದೋಳಲ್ಲ ನಾನು." ಆಮೇಲೆ ಒಳಗೆ ಹೋಗಿ ಎರಡು ಕುರ್ಚಿ ತಂದರು, ಚಹಾ ತಂದರು, ಬಿಸ್ಕತ್ತು ತಂದರು.

ಆ ಬೇಸಿಗೆ ಪೂರ್ತಿ ಮೇವಿಸ್ ಗೋಡೆಯ ಆಚೆ ಕೂತು ಹೆಣೆದಳು. ಹೆಡ್ಲಿ ಈಚೆ ನಿಂತು, ತನಗೆ ಕಾಣದ ಹೆಂಡತಿಯ ಹೆಸರು ಹಿಡಿದು ಕೂಗಿ, ಊಟಕ್ಕೆ ಏನು ಮಾಡಲಿ ಎಂದು ಕೇಳುತ್ತಿದ್ದ. ಶಬ್ದದ ವಿಷಯ ಪುಸ್ತಕದಲ್ಲಿ ಏನೂ ಇಲ್ಲ ಎಂದು ಪೆಥರಿಕ್ ಅವರನ್ನು ಕೇಳಿ ಖಚಿತ ಮಾಡಿಕೊಂಡಿದ್ದ. ಅರ್ಜಿ ವಾಪಸ್ ತೆಗೆದುಕೊಳ್ಳಿ ಎನ್ನುವ ಮಾತನ್ನು ಮೇವಿಸ್ ಮೊದಲ ವಾರ ಆಡಲಿಲ್ಲ. ಬಿಸ್ಕತ್ತು ತಿಂದ ಬಾಯಲ್ಲಿ ಹೇಗೆ ಕೇಳುವುದು ಎಂದಳು. ಆಗಸ್ಟಿನಲ್ಲಿ ಕೇಳಿದಳು. "ಅದಕ್ಕೇನು, ಸೋಮವಾರ ಹೋಗಿ ತೆಗ್ಸಿಬಿಡ್ತೀನಿ" ಎಂದರು ಮಿಸ್ ಲಸ್ಕಂ. ಸೋಮವಾರ ಅವರಿಗೆ ಮಂಡಿನೋವು. ಮುಂದಿನ ಸೋಮವಾರ ಸರ್ಕಾರಿ ರಜೆ. ಅದರ ಮುಂದಿನ ಸೋಮವಾರ ಜ್ಯಾಮ್ ಕಾಯಿಸುವುದಿತ್ತು. ಸೆಪ್ಟೆಂಬರ್ ಬಂತು, ಮೊಮ್ಮಗಳು ಹುಟ್ಟಿದಳು, ಟೊಪ್ಪಿಯ ಅಂಚು ಮುಗಿಯಿತು, ಗೋಡೆ ಹಾಗೇ ನಿಂತಿತ್ತು. ಗ್ರೆಗರಿ ಎರಡು ಸಲ ಫೋನು ಮಾಡಿ, ಅಕ್ಟೋಬರ್ ಎರಡರವರೆಗೆ ಏನನ್ನೂ ಮುಟ್ಟಬೇಡಿ ಅತ್ತೆ ಎಂದನಂತೆ.

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಮಿಸ್ ಲಸ್ಕಂ ಜ್ಯಾಮ್ ಬಾಟಲಿಯ ಮುಚ್ಚಳಕ್ಕೆ ನನ್ನ ಅಂಗಡಿಗೆ ಬಂದರು. ನಾನು ನೇರವಾಗಿ ಕೇಳಿದೆ. "ಗ್ರೆಗರಿ ಹೇಳಿದ್ನಂತ ಬಿಟ್ರಾ?"

"ಆ ಗ್ರೆಗರಿ ಮಾತು ಯಾರು ಕೇಳ್ತಾರೆ" ಎಂದರು. ಮುಚ್ಚಳಗಳನ್ನು ಒಂದೊಂದಾಗಿ ಎಣಿಸಿದರು, ಮತ್ತೆ ಎಣಿಸಿದರು. "ಗೋಡೆ ಬಿದ್ದ ದಿನ ಅವಳು ಅವಳ ಕಿಟಕಿಗೆ ಹೋಗ್ತಾಳೆ. ಒಂಬತ್ತು ವರ್ಷ ಆಯ್ತು ನಮ್ಮಣ್ಣ ಹೋಗಿ. ಈ ಬೇಸಿಗೇಲಿ ನಾನು ಆಡಿದಷ್ಟು ಮಾತು ಆ ಒಂಬತ್ತು ವರ್ಷದಲ್ಲಿ ಆಡಿಲ್ಲ. ತಪ್ಪು ಅಂತ ಗೊತ್ತು ಎರ್ನಿ. ಪೆನ್ನು ಹಿಡಿದ್ರೆ ಕೈ ಓಡಲ್ಲ."

ಯಾರಿಗೂ ಹೇಳಬೇಡ ಎಂದರು. ನಾನು ಹೇಳಲಿಲ್ಲ, ಮೇವಿಸ್‌ಗೆ ಮಾತ್ರ ಹೇಳಿದೆ, ಅದೂ ಅಂಗಡಿ ಬಾಗಿಲು ಹಾಕುವಷ್ಟು ಹೊತ್ತು ತಡೆದುಕೊಂಡು.

ಮರುದಿನ ಮೇವಿಸ್ ಎರಡು ದಿಂಬು ಹೊತ್ತು ಹೋದಳು. ಎರಡನೆಯದನ್ನು ಮಿಸ್ ಲಸ್ಕಂ ಅವರ ತೊಡೆಯ ಮೇಲಿಟ್ಟು, ಇಪ್ಪತ್ನಾಲ್ಕು ಕಡ್ಡಿ ಕೊಟ್ಟು, ಮೊದಲ ಎಲೆ ಹೆಣೆಯಲು ಕಲಿಸಿದಳು. ಮೇಜಿಗೆ ಹಾಸುವ ಬಟ್ಟೆಯ ಅಂಚು, ಎಲೆ ಎಲೆಯಾಗಿ ನೂರಾ ಅರವತ್ತು ಎಲೆ.

"ಇದು ಮುಗಿಯೋಕೆ ಎಷ್ಟು ದಿನ ಬೇಕು?" ಎಂದರು ಮಿಸ್ ಲಸ್ಕಂ.

"ನಿಮ್ಮ ಕೈಗೆ ಮೂರು ವರ್ಷ."

ಮಿಸ್ ಲಸ್ಕಂ ಅವರ ಮುಖ ಅರಳಿತು. ಆಮೇಲೆ ಗಾಳಿ ಬೀಸಿತು, ನೂಲು ಹಾರಿ ಗುಂಡುಸೂಜಿಗೆ ಸಿಕ್ಕಿಕೊಂಡಿತು, ಆಲೂಗಡ್ಡೆ ಪಾತಿಯ ಮೇಲೆ ನಾಲ್ಕು ಹನಿ ಬಿತ್ತು. ಇಬ್ಬರೂ ದಿಂಬಿನ ಮೇಲೆ ಏಪ್ರನ್ ಮುಚ್ಚಿಕೊಂಡರು.

"ಹಿತ್ತಿಲಲ್ಲಿ ಇನ್ನೊಂದು ವಾರ ಆಗ್ಬಹುದು" ಎಂದಳು ಮೇವಿಸ್. "ನವೆಂಬರಲ್ಲಿ ಆಗಲ್ಲ. ಇದಕ್ಕೆ ದಕ್ಷಿಣಕ್ಕೆ ಮುಖ ಇರೋ ಕಿಟಕಿ ಬೇಕು. ನಿಮ್ಮನೇದು ಉತ್ತರಕ್ಕಿದೆ. ಈ ಓಣೀಲಿ ಅಂಥದ್ದು ನಂಗೆ ಗೊತ್ತಿರೋದು ಒಂದೇ. ಅದಕ್ಕೆ ಪರದೆ ಹಾಕಿದಾರೆ."

ಮಿಸ್ ಲಸ್ಕಂ ಮೊದಲು ಅವಳ ಮುಖ ನೋಡಿದರು, ಆಮೇಲೆ ಹಗ್ಗದ ಆಚೆಯ ಕಿಟಕಿಯನ್ನು ಬಹಳ ಹೊತ್ತು ನೋಡಿದರು. "ಎರಡು ಕುರ್ಚಿ ಹಿಡಿಸುತ್ತಾ ಅಲ್ಲಿ?" ಎಂದು ಕೇಳಿದರು.

"ಅಳೆದು ನೋಡಿದೀನಿ" ಎಂದಳು ಮೇವಿಸ್.

ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ಮೊದಲ ಬಸ್ಸಿಗೆ ಮಿಸ್ ಲಸ್ಕಂ ಕೌನ್ಸಿಲ್ ಕಚೇರಿಗೆ ಹೊರಟರು. ಈ ಸಲ ಕನ್ನಡಕ ಹಾಕಿಕೊಂಡಿದ್ದರು. ನೋಂದಣಿ ರದ್ದಾದ ಕೂಡಲೇ ನಾರ್ತ್‌ಕಾಟ್ ಅವರು ನನ್ನ ಮೊಬೈಲಿಗೆ ಫೋನು ಮಾಡುವುದೆಂದು ಮಾತಾಯಿತು.

ಇತ್ತ ಹೆಡ್ಲಿಗೆ ಹೊಸ ಚಿಂತೆ ಹತ್ತಿತು. ಬಿದ್ದರೆ ಯಾವ ಕಡೆ ಬೀಳುತ್ತದೆ? ಸಾಮಾನ್ಯ ಗೋಡೆ ತನ್ನ ಎತ್ತರದಷ್ಟು ದೂರ ಬೀಳುತ್ತದೆ ಎಂದು ಅವನಿಗೆ ಹಿಂದೆ ಹೇಳಿದವನು ನಾನೇ, ಪಶ್ಚಾತ್ತಾಪವಾಯಿತು. ಹತ್ತು ಗಂಟೆಗೆಲ್ಲ ಅವನು ಓಣಿಯ ಮನೆಗಳಿಗೆಲ್ಲ ಹೋಗಿ, ತೊಂದರೆಗೆ ಕ್ಷಮೆ ಕೇಳಿ, ಜನರನ್ನು ಗಿರಣಿಯ ಮೈದಾನಕ್ಕೆ ಕಳಿಸಿದ್ದ. ಹೋದವರು ಅಲ್ಲಿ ಸಾಲು ಕಟ್ಟಿ ನಿಂತರು. ಬೇಕರಿಯವರು ಬನ್ನು ತಂದರು. ಬೆರಿಲ್ ಅಂಚೆಚೀಲ ಕೆಳಗಿಟ್ಟಳು. ಮೇವಿಸ್ ಮಾತ್ರ ಮನೆ ಬಿಟ್ಟು ಬರಲಿಲ್ಲ. ನಾನು ಮೈದಾನಕ್ಕೆ ಹೊರಟಾಗ ಒಳಗೆ ಎರಡನೇ ಕುರ್ಚಿ ಎಳೆಯುವ ಸದ್ದು ಕೇಳಿಸಿತು.

ಹನ್ನೊಂದು ಇಪ್ಪತ್ತಕ್ಕೆ ಫೋನು ಬಂತು. "ತೆಗೆದಾಯ್ತು" ಎಂದರು ನಾರ್ತ್‌ಕಾಟ್. ಆಮೇಲೆ ತಗ್ಗಿದ ದನಿಯಲ್ಲಿ, "ಅಲ್ಲಿ ಹೇಗಿದೆ?" ಎಂದರು.

ನಾನು ಕೈಯೆತ್ತಿ ಸನ್ನೆ ಮಾಡಿದೆ. ಗಂಡಸರು ಟೊಪ್ಪಿ ತೆಗೆದರು. ಇನ್ನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಲ್ಲು ಬೀಳಲಿಲ್ಲ, ಧೂಳೇಳಲಿಲ್ಲ, ಮರದ ಎಲೆ ಅಲುಗಲಿಲ್ಲ. ಆಕಾಶದವರೆಗೆ ನಿಂತದ್ದು ಒಂದು ಸದ್ದಿಲ್ಲದೆ ಹೋಗಿಬಿಟ್ಟಿತು. ಬೇಕರಿಯ ಯಜಮಾನರು ಕಣ್ಣೊರೆಸಿಕೊಂಡರು, ಯಾಕೆಂದು ನಾನು ಕೇಳಲಿಲ್ಲ.

ಮಿಸ್ ಲಸ್ಕಂ ಹನ್ನೆರಡರ ಬಸ್ಸಿಗೆ ಮರಳಿದರು. ದಿಂಬು ಎತ್ತಿಕೊಂಡು ಹಿತ್ತಿಲಿಗೆ ಬಂದು, ಲ್ಯಾವೆಂಡರ್ ದಾಟಿ, ಹಗ್ಗ ದಾಟಿ, ಹಿಂದಿನ ಬಾಗಿಲಿಂದ ಏಳನೇ ನಂಬರಿನ ಅಡುಗೆಮನೆಗೆ ಹೋದರು. ಮೇವಿಸ್ ಪರದೆ ಸರಿಸಿದಳು. ಬೆಳಕು ಇಬ್ಬರ ದಿಂಬಿನ ಮೇಲೂ ಬಿತ್ತು. ನೂಲು ಬಿಳಿಯಾಗಿತ್ತು. ಮೇವಿಸ್ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತ ಸ್ವಲ್ಪ ಹೊತ್ತು ಕೂತಳು, ಆಮೇಲೆ ಕಡ್ಡಿಗಳ ಸದ್ದು ಶುರುವಾಯಿತು.

ಹೆಡ್ಲಿ ಹಿತ್ತಿಲಲ್ಲಿ ಗೂಟ ಕೀಳುತ್ತಿದ್ದವನು ಈ ನೋಟಕ್ಕೆ ಮರುಳಾದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಒಂದೊಂದೇ ಹೆಜ್ಜೆ ಕಿಟಕಿಯ ಹತ್ತಿರ ಬಂದ, ಇನ್ನೂ ಹತ್ತಿರ ಬಂದ, ಬಾಯಿ ತೆರೆದುಕೊಂಡು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತುಬಿಟ್ಟ. ಕಾನೂನಿನ ಬೆಳಕನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಒಳಗೆ ಕಡ್ಡಿಗಳ ಸದ್ದು ನಿಂತಿತು.

"ಹೆಡ್ಲಿ" ಎಂದಳು ಮೇವಿಸ್, "ಸ್ವಲ್ಪ ಆ ಕಡೆ ಹೋಗಿ ನಿಂತ್ಕೋ. ಬೆಳಕಿಗೆ ಅಡ್ಡ ನಿಂತಿದೀಯ."